ಮೂರು ಸೆಲ್ಲಿನ ವಿಮಾನ

ಆಗಿನ ದಿನಗಳಲ್ಲಿ ನಮ್ಮ ತಿಕೋಟಾದೊಳಗೆ ಒಬ್ಬರಿಗೊಬ್ಬರು ಎದುರಾದರೆ ಊಟ ಆಯಿತೇ ಎನ್ನುವ ಮೊದಲು ‘ಓಲ್ಟೇಜ್ ಐತೇನು?’ ಎಂದು ಕೇಳುತ್ತಿದ್ದರು. ಕರೆಂಟು ಬರುತ್ತಿತ್ತು, ಆದರೆ ಅದರ ಮೈಯಲ್ಲಿ ತ್ರಾಣ ಇರುತ್ತಿರಲಿಲ್ಲ. ಬಲ್ಬು ಕುಂಬಳ ಹೂವಿನ ಬಣ್ಣಕ್ಕೆ ತಿರುಗಿ, ತನ್ನನ್ನು ತಾನು ನೋಡಿಕೊಳ್ಳಲಷ್ಟೇ ಬೆಳಕು ಕೊಡುತ್ತಿತ್ತು. ಅಂಥ ಹೊತ್ತಿನಲ್ಲಿ ಅವಸರ ಮಾಡಿ ಬಾವಿಯ ಪಂಪು ಹಚ್ಚಿದವನ ಮೋಟಾರು ಸುಡುತ್ತಿತ್ತು. ಸುಟ್ಟ ಮೋಟಾರು ಬಂಡಿಯಲ್ಲೋ ಬಸ್ಸಿನ ನೆತ್ತಿಯ ಮೇಲೋ ಕುಳಿತು ನೇರವಾಗಿ ಮಲ್ಲಪ್ಪ ಕಾಕಾನ ಅಂಗಡಿಗೆ ಬರುತ್ತಿತ್ತು.

ಮಲ್ಲಪ್ಪ ಕಾಕಾ ನಮ್ಮಪ್ಪನ ತಮ್ಮ. ಸುಟ್ಟ ಮೋಟಾರುಗಳ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವನ ಕಸುಬು. ನಮ್ಮ ಮನೆ ಕಳ್ಳಕವಟಗಿಯಲ್ಲಿ. ಮುಂದಿನ ಸಾಲಿ ಕಲಿಯಲೆಂದು ನನ್ನನ್ನು ತಿಕೋಟಾದಲ್ಲಿ ಕಾಕಾ ಮತ್ತು ಅವನ ಹೆಂಡತಿ ಕಾಕುವಿನ ಹತ್ತಿರ ಬಿಟ್ಟಿದ್ದರು. ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಗೋಣಿತಟ್ಟಿನ ಪರದೆ. ವಾರ್ನಿಷಿನ ವಾಸನೆ ಆ ಪರದೆ ದಾಟಿ ಬಂದು ಕಾಕು ಬಡಿಯುವ ರೊಟ್ಟಿಯ ವಾಸನೆಯ ಜೊತೆ ಕೂಡಿಕೊಳ್ಳುತ್ತಿತ್ತು. ಇಂದಿಗೂ ಎಲ್ಲಾದರೂ ಬಾಗಿಲಿಗೆ ಹೊಸ ವಾರ್ನಿಷ್ ಹಚ್ಚಿದ್ದರೆ ನನಗೆ ಹಸಿವಾಗುತ್ತದೆ.

ನಾನು ಹೇಳಹೊರಟಿರುವುದು ಏಳನೆಯ ಇಯತ್ತೆಯ ಚಳಿಗಾಲದ ಒಂದು ವಾರದ ಮಾತು. ಹೊಲಗಳಲ್ಲಿ ಸೀತನಿ ಬಂದಿತ್ತು. ಮುಂಜಾನೆ ಬೆಂಕಿಯಲ್ಲಿ ಸುಟ್ಟು ತಿಕ್ಕಿದ ಎಳೆ ಜೋಳದ ಕಾಳಿಗೆ ಶೇಂಗಾ ಚಟ್ನಿ, ಬೆಲ್ಲ. ಅದನ್ನೇ ಕಿಸೆ ತುಂಬ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದೆವು. ಆಗ ನಮ್ಮ ಶಾಂತಾ ಅಕ್ಕೋರು, ವಿಜಾಪುರದ ಜಲನಗರದಿಂದ ದಿನಾ ಬಸ್ಸಿಗೆ ಬಂದು ನಮಗೆ ವಿಜ್ಞಾನ ಕಲಿಸುತ್ತಿದ್ದವರು, ಒಂದು ಸಣ್ಣ ಮೋಟಾರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದರು. ನನ್ನ ಹೆಬ್ಬೆರಳಿನ ತುದಿಗಿಂತ ತುಸು ದೊಡ್ಡದು. ವಿಜಾಪುರದಲ್ಲಿ ಸಾಲಿ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ಅಲ್ಲಿ ನಮ್ಮ ಸಾಲಿಯ ಪರವಾಗಿ ಹಾರುವ ವಿಮಾನ ಮಾಡಿ ಇಡುವುದೆಂದು ನಿಶ್ಚಯವಾಗಿತ್ತು.

“ಯಾರ ಕೈಯಾಗ ಕೊಡೂನು ಇದನ್ನ?” ಎಂದು ಅಕ್ಕೋರು ಕೇಳಿದಾಗ ಹುಡುಗರೆಲ್ಲ ಬೆಂಚಿನ ಮೇಲೆ ಎದ್ದು ನಿಂತರು. ಅಕ್ಕೋರು ಅದನ್ನು ತಂದು ನನ್ನ ಅಂಗೈಯಲ್ಲಿಟ್ಟರು.

“ಹುಡಿಗ್ಯಾರ ಕೈಯಾಗ ಮೋಟ್ರ ಕೊಟ್ರ ರೊಟ್ಟಿ ಜೋಡಿ ಬೇಸಿ ಇಡ್ತಾರ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ವರ್ಗ ನಕ್ಕಿತು.

ಅಕ್ಕೋರು ನಗಲಿಲ್ಲ. “ಸಾಲಿಯಾಗ ಇರೂದು ಇದೊಂದ. ಎರಡು ಸೆಲ್ಲಿನಿಂದ ಸುರು ಮಾಡು ಸುನಂದಾ. ಭಾಳ ಅಂದ್ರ ನಾಕು. ಅದರ ಮ್ಯಾಲ ಹೋಗಬ್ಯಾಡ,” ಎಂದರು. ನಾನು ತಲೆಯಾಡಿಸಿದೆ. ನನಗೆ ಭಯ ಇದ್ದದ್ದು ಒಂದೇ. ಈ ಮೋಟಾರು ನನ್ನ ಕೈಯಲ್ಲಿ ಕೆಟ್ಟರೆ ಆ ಸಾಲಿಯಲ್ಲಿ ಇನ್ನು ಯಾವ ಹುಡುಗಿಯ ಕೈಗೂ ಇಂಥದ್ದು ಬರುವುದಿಲ್ಲ.

ವಿಮಾನದ ಮೈ ಮಾಡಿದ್ದು ಒಣ ಜೋಳದ ದಂಟಿನಿಂದ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಂಡು ಸಿಗುತ್ತದಲ್ಲ, ಅದೇ. ನಾವೆಲ್ಲ ಅದರಿಂದ ಬಂಡಿ, ಎತ್ತು, ಕನ್ನಡಕ ಮಾಡಿ ಆಡಿದವರೇ. ಬಣವಿಯಿಂದ ಹುಳ ತಿನ್ನದ ದಂಟು ಆರಿಸಿ ತಂದು, ಸಿಪ್ಪೆಯ ಕಡ್ಡಿ ಚುಚ್ಚಿ ಜೋಡಿಸಿ, ರೆಕ್ಕೆಗೆ ಗಾಳಿಪಟದ ಹಾಳೆ ಅಂಟಿಸಿ, ಅಡಿಗೆ ಬೆಂಡಿನ ಗಾಲಿ ಸಿಕ್ಕಿಸಿದೆ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಗಾಳಿ ತಳ್ಳುವ ಪಂಖ ಮಾಡಿ ಮೋಟಾರಿನ ಮೂಗಿಗೆ ಸಿಕ್ಕಿಸಿದೆ. ಸೆಲ್ಲುಗಳನ್ನು ಹೊತ್ತು ಹಾರುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಅದಕ್ಕೆ ಅಕ್ಕೋರೇ ಒಂದು ಉಪಾಯ ಹೇಳಿಕೊಟ್ಟಿದ್ದರು. ಒಂದು ಮಣೆಯ ಮೇಲೆ ಹಳೆಯ ಸೈಕಲ್ ಗಾಲಿಯ ನಡುವೆ ತಿರುಗುವ ಹಬ್ ಅನ್ನು ನೆಟ್ಟಗೆ ನಿಲ್ಲಿಸುವುದು, ಸೆಲ್ಲುಗಳನ್ನು ಅದರ ತಲೆಗೆ ಕಟ್ಟುವುದು, ಅಲ್ಲಿಂದ ಎರಡು ಸಣ್ಣ ತಂತಿ ವಿಮಾನದವರೆಗೆ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ ವಿಮಾನ ತಿರುಗಬೇಕು, ತಿರುಗುತ್ತ ಏಳಬೇಕು.

ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಂದವಳೇ ಅಂಗಡಿಯ ನಡುವೆ ಅದನ್ನು ಹೂಡಿದೆ. ಎರಡು ಸೆಲ್ಲು ಹಾಕಿದೆ. ವಿಮಾನ ಫರಶಿ ಕಲ್ಲಿನ ನೆಲದ ಮೇಲೆ ಕೋಳಿಯ ಹಾಗೆ ಓಡಿತು. ಸುತ್ತಿತು, ಸುತ್ತಿತು, ಏಳಲಿಲ್ಲ.

ಕಾಕಾ ಒಂದು ದೊಡ್ಡ ಮೋಟಾರಿನ ಹೊಟ್ಟೆಯೊಳಗೆ ಕೈ ಹಾಕಿ ಕುಳಿತಿದ್ದವನು ತಿರುಗಿ ನೋಡಿದ.

“ಯವ್ವಾ, ಎಷ್ಟು ಓಲ್ಟೇಜ್ ಕೊಟ್ಟಿ?”

“ಎರಡು ಸೆಲ್ಲು ಕಾಕಾ. ಮೂರು ಓಲ್ಟ್.”

“ಮೂರು? ತಗಿ ತಗಿ, ಮದ್ಲ ತಗಿ! ಕಡಿಮಿ ಓಲ್ಟೇಜ್ ಕೊಟ್ರ ಮೋಟ್ರ ಸುಡತೈತಿ. ಹಗಲೆಲ್ಲಾ ಕಣ್ಣಾರೆ ನೋಡ್ತಿ, ಅಷ್ಟೂ ತಿಳೀಲಿಲ್ಲೇನು?”

ಅವನ ಮಾತಿಗೆ ಅಂಗಡಿಯ ತುಂಬ ಸಾಕ್ಷಿ ಬಿದ್ದಿತ್ತು. ಸುಟ್ಟು ಕರಿದಾದ ತಂತಿಯ ಸಿಂಬಿಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು, ಎಲ್ಲವೂ ಕಡಿಮೆ ವೋಲ್ಟೇಜಿನಲ್ಲಿ ಸತ್ತವೇ. ‘ನಾಕರ ಮ್ಯಾಲ ಹೋಗಬ್ಯಾಡ’ ಎಂಬ ಅಕ್ಕೋರ ಮಾತು ನನ್ನ ಗಂಟಲಿನವರೆಗೆ ಬಂತು. ಆದರೆ ಹತ್ತೂರಿನ ಮೋಟಾರುಗಳ ನಾಡಿ ಹಿಡಿದು ನೋಡುವ ಮನುಷ್ಯನಿಗೆ ಏಳನೆಯ ಇಯತ್ತೆಯ ಹುಡುಗಿ ಏನು ಹೇಳುವುದು? ನುಂಗಿಕೊಂಡೆ.

ಮೂಲೆಯಲ್ಲಿ ಚಾರ್ಜಿಗೆಂದು ಬಿಟ್ಟುಹೋದ ಟ್ರ್ಯಾಕ್ಟರಿನ ಬ್ಯಾಟರಿ ಇತ್ತು. ಹನ್ನೆರಡು ವೋಲ್ಟು. ಕಾಕಾ ವಿಮಾನವನ್ನು ಪಾರಿವಾಳದ ಹಾಗೆ ಎಡಗೈಯಲ್ಲಿ ಹಿಡಿದು, ತಂತಿಯ ತುದಿಗಳನ್ನು ಬ್ಯಾಟರಿಗೆ ಮುಟ್ಟಿಸಿದ. ಪಂಖ ಚೀರಿತು. ನನ್ನ ಹೆರಳು ಹಿಂದಕ್ಕೆ ಹಾರಿತು. ಮೇಜಿನ ಮೇಲಿನ ಕಾಗದಗಳೆಲ್ಲ ಎದ್ದವು. “ನೋಡಿಲ್ಲೇ, ಇದು ಓಲ್ಟೇಜ್ ಅಂದ್ರ!” ಎಂದು ಕಾಕಾ ನಗುತ್ತಿದ್ದ. ನಾನೂ ಕುಣಿಯುತ್ತಿದ್ದೆ.

ಮೊದಲು ಬಂದದ್ದು ವಾಸನೆ. ಆ ಅಂಗಡಿಯಲ್ಲಿ ಬೆಳೆದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಎಳೆಯಷ್ಟು ಹೊಗೆ. ಪಂಖ ನಿಂತಿತು. ಕಾಕಾ ತಂತಿ ತೆಗೆದು ಬೆರಳಿನಿಂದ ಪಂಖ ತಿರುಗಿಸಿದ. ಮತ್ತೆ ಮುಟ್ಟಿಸಿ ನೋಡಿದ. ಏನೂ ಇಲ್ಲ.

ನಾನು ಅಳಲಿಲ್ಲ. ಅಳುವುದಕ್ಕೂ ಧೈರ್ಯ ಬೇಕಾಗುತ್ತದೆ.

“ಅಕ್ಕೋರು ಏನರ ಹೇಳಿದ್ರೇನು, ಎಷ್ಟು ಕೊಡಬೇಕು ಅಂತ?” ಎಂದು ಕಾಕಾ ಮೆಲ್ಲಗೆ ಕೇಳಿದ.

“ಹೇಳಿದ್ರು. ನಾಕು ಸೆಲ್ಲಿನ ಮ್ಯಾಲ ಬ್ಯಾಡ ಅಂತ.”

“ಮತ್ತ ಮದ್ಲ ಯಾಕ ಅನಲಿಲ್ಲ?”

“ನೀವು ಮೋಟ್ರ ಮೇಸ್ತ್ರಿ ಅಲ್ಲೇನ್ರಿ ಕಾಕಾ.”

ಕಾಕಾ ವಿಮಾನವನ್ನು ಮೇಜಿನ ಮೇಲಿಟ್ಟು, ಕೈಯೊರೆಸಿಕೊಂಡು, ಪರದೆ ಸರಿಸಿ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದ.

ಭಾನುವಾರ ಮುಂಜಾನೆ ರೊಟ್ಟಿ ತಿಂದವನೇ ಅವನು ಬಿಸಿಲು ಬೀಳುವ ಕಡೆ ಚಾಪೆ ಹಾಸಿದ. ಆ ಸಣ್ಣ ಮೋಟಾರಿನ ತಗಡಿನ ಕಿವಿಗಳನ್ನು ಬಿಡಿಸಿ ಒಳಗಿನದನ್ನು ಹೊರಗೆಳೆದ. ಮೂರು ಎಸಳಿನ ಕಬ್ಬಿಣದ ತುಂಡು, ಎಸಳಿಗೊಂದು ಸುರುಳಿ, ಕೂದಲಿನಂಥ ತಂತಿ. ಸುಟ್ಟ ತಂತಿಯನ್ನು ಅವನು ಬಿಚ್ಚುತ್ತಾ ಹೋದ, ನಾನು ಎಣಿಸುತ್ತಾ ಹೋದೆ. ಮೊದಲ ಎಸಳಿನದು ನಡುವೆಯೇ ತುಂಡಾಯಿತು. ಎರಡನೆಯದು ಪೂರ್ತಿ ಬಂತು: ತೊಂಬತ್ತು ಸುತ್ತು. ಮೂರನೆಯದೂ ತೊಂಬತ್ತು.

“ಎಷ್ಟು ಬಿಚ್ಚಿದ್ವಿ ಅಷ್ಟ ಹಾಕೂದು. ಒಂದ್ ಹೆಚ್ಚಿಲ್ಲ, ಒಂದ್ ಕಡಿಮಿಲ್ಲ,” ಎಂದ ಕಾಕಾ. ಅದು ಅವನ ಕಸುಬಿನ ನೇಮ. ತಂತಿಯೂ ಸಿಕ್ಕಿತು. ಮೇಲಿನ ಫ್ಯಾನಿಗೆ ಸುತ್ತುವ ತಂತಿ ಹೆಚ್ಚುಕಡಿಮೆ ಅಷ್ಟೇ ಸಪೂರ. ಸಿಗದೇ ಇದ್ದದ್ದು ಬೆರಳು. ಪಂಪು ಎತ್ತಿಳಿಸಿದ ಅವನ ಬೆರಳಿಗೆ ಆ ಎಸಳು ಹಿಡಿಯಲೇ ಬರಲಿಲ್ಲ. ಮೂರು ಸಲ ತಂತಿ ಹರಿಯಿತು.

ಕೌದಿ ಹೊಲಿಯುತ್ತಾ ನೋಡುತ್ತಿದ್ದ ಕಾಕು ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದಳು. “ಸರೀರಿ ಆಕಡೆ. ಎತ್ತು ಕಟ್ಟೂ ಕೈಲೇ ಸೂಜಿ ಪೋಣಸಾಕ ಹೊಂಟೀರಿ.”

“ನಿನಗ ಬರತೈತೇನು?”

“ನನಗ ಕೌದಿ ಬರತೈತಿ. ಹೆಂಗ ಸುತ್ತೂದು ನೀವು ಹೇಳ್ರಿ. ಎಷ್ಟಾತು ಅಂತ ಈ ಹುಡಿಗಿ ಹೇಳಲಿ.”

ಕಾಕು ಸುತ್ತಿದಳು. ನಾನು ಎಣಿಸಿದೆ. ಐವತ್ತೆಂಟಕ್ಕೆ ಬಂದಾಗ ಬಬಲೇಶ್ವರದ ಸಿದ್ದಪ್ಪ ಬಂದ. ಅವನ ಪಂಪು ನಾಲ್ಕು ದಿನದಿಂದ ನಮ್ಮಲ್ಲಿ ಬಿದ್ದಿತ್ತು.

“ಏನ್ ಮೇಸ್ತ್ರಿ! ನಮ್ಮ ಮೋಟ್ರ ಮೂಲ್ಯಾಗ ಅಳಾಕತ್ತೈತಿ, ನೀವು ಮನಿಮಂದೆಲ್ಲಾ ಸೇರಿ ಕಡ್ಲಿಕಾಳ ಸುಲಿಯಾಕತ್ತೀರಿ?”

“ಇದೂ ಮೋಟ್ರನ ಸಿದ್ದಪ್ಪಾ.”

“ಹೌದಾ? ಎಷ್ಟು ಎಚ್‌ಪೀದು?”

“ಒಂದ್ ನೊಣದಷ್ಟು.”

ನಾನು ನಕ್ಕುಬಿಟ್ಟೆ, ಎಣಿಕೆ ತಪ್ಪಿತು. ಕಾಕು ಸಿದ್ದಪ್ಪನನ್ನು ದುರುಗುಟ್ಟಿ ನೋಡಿ, ಅಷ್ಟನ್ನೂ ಬಿಚ್ಚಿ ಮತ್ತೆ ಒಂದರಿಂದ ಹಿಡಿದಳು. ಸಿದ್ದಪ್ಪ ಬಾಯಿ ಮುಚ್ಚಿಕೊಂಡು ಹೊಸ್ತಿಲಲ್ಲಿ ಕುಳಿತು ತಾನೂ ಬೆರಳು ಮಡಚುತ್ತಾ ಎಣಿಸತೊಡಗಿದ. ಕಾಕಾ ನಾಳೆ ಮುಂಜಾನೆ ಅವನ ಪಂಪು ಕೊಡುವುದಾಗಿ ಹೇಳಿ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಮೂರೂ ಎಸಳು ತುಂಬಿದವು. ತುದಿಗಳಿಗೆ ಕಾಕಾ ಬೆಸುಗೆ ಹಾಕಿದ. ಹನಿ ವಾರ್ನಿಷ್ ಬಿಟ್ಟು ಬಿಸಿಲಿಗಿಟ್ಟು ಒಣಗಿಸಿದ. ಒಂದೇ ಸೆಲ್ಲು ಮುಟ್ಟಿಸಿದಾಗ ಅದು ನಿದ್ದೆಯಿಂದ ಎದ್ದ ಹಾಗೆ ಸಣ್ಣಗೆ ಗುಂಯ್ ಎಂದಿತು. ಕಾಕು ನನ್ನ ಕೆನ್ನೆ ಹಿಂಡಿದಳು.

“ಸಾಕವ್ವಾ, ತಿರಗತೈತಿ. ಇನ್ನ ಅಕ್ಕೋರಿಗೆ ಹೇಳೂದೇನೈತಿ? ಅವರೇನು ಒಳಗ ತಗದು ನೋಡ್ತಾರೇನು?”

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಕಾಕಾ ಮಾತ್ರ ತಲೆಯಲ್ಲಾಡಿಸಿದ. “ಒಳಗಿನ ತಂತಿ ನಮ್ಮದು, ಮೋಟ್ರ ಅವರದು. ಹೇಳಬೇಕು.”

ಸೋಮವಾರ ಮುಂಜಾನೆ ಅವನು ಬಸ್‌ಸ್ಟ್ಯಾಂಡಿಗೆ ನನ್ನ ಜೊತೆಗೇ ಬಂದ. ಸಿದ್ದಪ್ಪನೂ ಅಲ್ಲಿದ್ದ, ಪಂಪಿಗೆಂದು ಆಗಲೇ ಬಸ್ಸಿಳಿದಿದ್ದ. ಇನ್ನೂ ನಾಲ್ಕೈದು ರೈತರು, ಎಲ್ಲರೂ ಕಾಕಾನ ಗಿರಾಕಿಗಳೇ, ಚಹಾ ಕುಡಿಯುತ್ತಿದ್ದರು. ಅಕ್ಕೋರು ಬಸ್ಸಿನಿಂದ ಇಳಿದ ಕೂಡಲೇ ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎರಡೂ ಕೈ ಜೋಡಿಸಿದ.

“ಅಕ್ಕೋರ, ನಿಮ್ಮ ಮೋಟ್ರ ನಾ ಸುಟ್ಟೀನ್ರಿ. ಹುಡುಗೀದು ತಪ್ಪಿಲ್ಲ. ಟ್ರ್ಯಾಕ್ಟರ್ ಬ್ಯಾಟ್ರಿ ನಾನ ಹಚ್ಚೀನಿ.”

ಚಹಾ ಕುಡಿಯುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಮಲ್ಲಪ್ಪ ಮೇಸ್ತ್ರಿ ಮೋಟಾರು ಸುಟ್ಟ ಎನ್ನುವುದು ಆ ಊರಲ್ಲಿ ಸಣ್ಣ ಮಾತಲ್ಲ. ಸಿದ್ದಪ್ಪ ಕಪ್ಪು-ಬಸಿ ಹಿಡಿದುಕೊಂಡೇ, “ಹತ್ತು ಎಚ್‌ಪಿ ಜೀವಾ ಉಳಸಾಂವ ನೊಣಾ ಕೊಂದಾನ ನೋಡ್ರಿ!” ಎಂದ. ಎಲ್ಲರೂ ನಕ್ಕರು. ಕಾಕಾನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

“ನಾನೂ ಹೇಳಲಿಲ್ರಿ ಅಕ್ಕೋರ,” ಎಂದೆ. “ನಾಕರ ಮ್ಯಾಲ ಬ್ಯಾಡ ಅಂತ ನೀವು ಹೇಳಿದ್ದನ್ನ ನಾ ಕಾಕಾಗ ಹೇಳಲಿಲ್ಲ.”

ಅಕ್ಕೋರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಮೋಟಾರು ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡಿ, “ಯಾರು ಸುತ್ಯಾರ ಇದನ್ನ?” ಎಂದರು. ಕಾಕುವಿನ ಹೆಸರು ಕೇಳಿ ಅವರ ಹುಬ್ಬು ಮೇಲೇರಿತು. ಆಮೇಲೆ ಸಾಲಿಯವರೆಗೆ ನಡೆಯುತ್ತಾ ಕಾಕಾನಿಗೆ ತಿಳಿಸಿ ಹೇಳಿದರು: “ನಿಮ್ಮ ಪಂಪಿಗೆ ನೀರು ಎತ್ತಲೇಬೇಕು ಅನ್ನೋ ಹಟ ರೀ. ಓಲ್ಟೇಜ್ ಕಡಿಮಿ ಆದ್ರ ಕರೆಂಟ್ ಹೆಚ್ಚಿಗಿ ಎಳಕೊಂಡು ಸುಡತೈತಿ. ಈ ಸಣ್ಣದಕ್ಕ ಆ ಹಟ ಇಲ್ಲ. ಕಡಿಮಿ ಕೊಟ್ರ ಮೆಲ್ಲಕ ತಿರಗತೈತಿ, ಅಷ್ಟ. ಹೆಚ್ಚು ಕೊಟ್ರ ಮಾತ್ರ ಸಾಯತೈತಿ.”

ಕಾಕಾ ರಸ್ತೆಯಲ್ಲೇ ನಿಂತ. “ಇಷ್ಟು ವರ್ಷ ಮೋಟ್ರದಾಗ ಕೈ ಆಡ್ಸೀನ್ರಿ. ಇದು ಗೊತ್ತಿದ್ದಿಲ್ಲ ನೋಡ್ರಿ,” ಎಂದ.

ಅಂದು ಮಧ್ಯಾಹ್ನ, ಸಿದ್ದಪ್ಪನ ಪಂಪು ಬಂಡಿಗೇರಿಸಿದ ಮೇಲೆ, ಕಾಕಾ ವರ್ಗದ ಬಾಗಿಲಲ್ಲಿ ಬಂದು ನಿಂತಿದ್ದ. ಒಳಗೆ ನಾವು ಸೆಲ್ಲು ಗೊತ್ತು ಮಾಡುತ್ತಿದ್ದೆವು. ಅಕ್ಕೋರು ಒಂದು ಸೆಲ್ಲಿನಿಂದ ಸುರು ಮಾಡಿಸಿದರು. ಒಂದಕ್ಕೆ ವಿಮಾನ ಮಿಸುಕಾಡಿತು. ಎರಡಕ್ಕೆ ಓಡಿತು. ಮೂರಕ್ಕೆ ಹಿಂದಿನ ಗಾಲಿ ನೆಲ ಬಿಟ್ಟಿತು, ಮುಂದಿನದು ಬಿಡಲೊಲ್ಲದು. ನಾಲ್ಕಕ್ಕೆ ಸರ್ರನೆ ಎದ್ದು ನನ್ನ ಎದೆಮಟ್ಟಕ್ಕೆ ಬಂದು ತಿರುಗತೊಡಗಿತು. ಹುಡುಗರು ಬೆಂಚು ಬಡಿದರು. ಪ್ರತಿ ಸಲವೂ ಅಕ್ಕೋರು ಮೋಟಾರು ಬಿಚ್ಚಿ ನನ್ನ ಮಣಿಕಟ್ಟಿನ ಒಳಮಗ್ಗುಲಿಗೆ ಮುಟ್ಟಿಸುತ್ತಿದ್ದರು. ಮೂರರಲ್ಲಿ ಉಗುರುಬೆಚ್ಚಗೆ. ನಾಲ್ಕರಲ್ಲಿ, ಎರಡೇ ನಿಮಿಷಕ್ಕೆ, ಕೈ ಎಳೆದುಕೊಂಡೆ.

“ಪ್ರದರ್ಶನ ಮುಂಜಾನಿಂದ ಸಂಜೀತನಕ ಐತಿ,” ಎಂದರು ಅಕ್ಕೋರು. “ನಾಕು ಇಡ್ತಿಯೋ, ಮೂರೋ? ನೀನ ಹೇಳು.”

ನಾನು ಬಾಗಿಲ ಕಡೆ ನೋಡಿದೆ. ಕಾಕಾ ಬೇಕೆಂದೇ ಮೇಲಿನ ಜಂತಿ ನೋಡುತ್ತಿದ್ದ.

“ಮೂರು,” ಎಂದೆ. “ವಿಮಾನ ಇನ್ನಷ್ಟು ಹಗರ ಮಾಡ್ತೇನಿ.”

ಆ ಸಂಜೆ ಮತ್ತು ಮರುದಿನ ಬ್ಲೇಡು ಹಿಡಿದು ಬೆಂಡನ್ನು ಕೆತ್ತಿದೆ. ಗೋಂದು ಮೆತ್ತಿದ ಕಡೆಯೆಲ್ಲ ಕೆರೆದೆ. ಪ್ರೀತಿಯಿಂದ ಅಂಟಿಸಿದ್ದ ಬಣ್ಣದ ಬಾಲ ಕಿತ್ತೆ. ಗಾಲಿಗಳ ಬದಲು ಎರಡು ಸಿಪ್ಪೆಯ ಕಡ್ಡಿ. ಕೊನೆಗೆ ಮೂರು ಸೆಲ್ಲಿಗೆ ಅದು ಎದ್ದಿತು, ಮೊಣಕಾಲಿನಷ್ಟು ಎತ್ತರಕ್ಕೆ. ಹಾರಾಟವೆಂದರೆ ಅಷ್ಟೇ.

ಬುಧವಾರ ಅಂಗಡಿಯ ಬಾಗಿಲು ಹಾಕಿ ಕಾಕಾನೂ ವಿಜಾಪುರಕ್ಕೆ ಬಂದ. ತೊರವಿ ದಾಟಿದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅವನು ವಿಮಾನದ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಇಳಿಯುವತನಕ ಕೈ ಇಳಿಸಲಿಲ್ಲ. ಪ್ರದರ್ಶನದ ಹಾಲಿನಲ್ಲಿ ದೊಡ್ಡ ಸಾಲಿಗಳ ಮಕ್ಕಳ ಮೇಜುಗಳ ಮೇಲೆ ದೀಪ ಹತ್ತಿ ಆರುತ್ತಿದ್ದವು, ಗಂಟೆ ಮೊಳಗುತ್ತಿದ್ದವು. ನಮ್ಮದೊಂದು ಜೋಳದ ದಂಟಿನ ವಿಮಾನ, ಮೊಣಕಾಲೆತ್ತರ, ಸುತ್ತು ಹಾಕುತ್ತಲೇ ಇತ್ತು. ಹತ್ತು ನಿಮಿಷ ಹಾರಿಸುವುದು, ಐದು ನಿಮಿಷ ನಿಲ್ಲಿಸಿ ಮಣಿಕಟ್ಟಿಗೆ ಮುಟ್ಟಿಸಿ ನೋಡುವುದು.

ಮಧ್ಯಾಹ್ನ ಅಂಕ ಕೊಡುವವರು ಬಂದರು. ಅವರಲ್ಲಿ ಹಿರಿಯರೊಬ್ಬರು, ಕೋಟು ಹಾಕಿದ್ದವರು, ಬಗ್ಗಿ ನೋಡಿ, “ಚೆನ್ನಾಗಿದೆಯಮ್ಮಾ. ಆದರೆ ಇಷ್ಟು ಕೆಳಗೆ ಹಾರಿದರೆ ಯಾರು ನೋಡುತ್ತಾರೆ? ಇನ್ನೊಂದು ಸೆಲ್ ಹಾಕು ನೋಡೋಣ,” ಎಂದರು.

ನಾಲ್ಕನೆಯ ಸೆಲ್ಲು ಮೇಜಿನ ಮೇಲೆಯೇ ಇತ್ತು. ಜನ ಸೇರಿತ್ತು. ಗಂಟಲಿನವರೆಗೆ ಬಂದ ಮಾತನ್ನು ಈ ಸಲ ನುಂಗಲಿಲ್ಲ.

“ಬ್ಯಾಡ್ರಿ ಸರ್. ಹಾಕಿದ್ರ ಎತ್ತರ ಹೋಗತೈತ್ರಿ, ಖರೆ ಮೋಟ್ರ ಕಾಯತೈತ್ರಿ. ಸಂಜೀತನಕ ಇರೂದಿಲ್ರಿ.”

“ಒಂದೇ ಒಂದು ಸುತ್ತು?”

“ಇಲ್ರಿ. ಮೂರ ಸಾಕ್ರಿ.”

ಅವರು ಹಾಳೆಯಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು. ನಮಗೆ ಬಹುಮಾನ ಬರಲಿಲ್ಲ. ವಿಮಾನ ಮಾತ್ರ ಸಂಜೆ ಹಾಲಿನ ಬಾಗಿಲು ಹಾಕುವತನಕ ಹಾರಿತು.

ಊರಿಗೆ ಹೊರಡುವ ಮೊದಲು ಅಕ್ಕೋರು ನಮ್ಮಿಬ್ಬರನ್ನೂ ಜಲನಗರದ ಮನೆಗೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ಪುಸ್ತಕದ ಕಪಾಟು. ಅವರ ತಾಯಿ ಬಿಸಿ ರೊಟ್ಟಿ, ಜುಣಕದ ವಡೆ ಬಡಿಸಿದರು. ನಾನು ಮೋಟಾರು ಬಿಚ್ಚಿ, ಅದು ಬಂದಿದ್ದ ಕರವಸ್ತ್ರದಲ್ಲಿ ಸುತ್ತಿ ಅಕ್ಕೋರ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು. “ನಿನ್ನ ಹತ್ರನ ಇರಲಿ. ಮುಂದಿನ ವರ್ಷ ಆರನೇ ಇಯತ್ತೆ ಹುಡಿಗ್ಯಾರಿಗೆ ನೀನ ಕಲಿಸಬೇಕು.”

ಕಾಕಾ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ, “ಬಹುಮಾನ ಯಾಂವಗ ಬೇಕಲೇ,” ಎಂದ. ಅಷ್ಟನ್ನೇ ಎರಡು ಸಲ ಅಂದ.

ಈಗ ನಾನು ಅದೇ ಜಲನಗರದಲ್ಲಿದ್ದೇನೆ. ವಿಜಾಪುರ ವಿಜಯಪುರವಾಗಿದೆ. ಮೇಲಿನ ಮನೆಯ ಹುಡುಗ ತಾರಸಿಯ ಮೇಲೆ ಹಾರಿಸುವ ಯಂತ್ರಕ್ಕೆ ಎಷ್ಟು ವೋಲ್ಟು ಬೇಕೆಂದು ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ತಪ್ಪಾದ ಬ್ಯಾಟರಿ ಸಿಕ್ಕಿಸಲು ಹೋದರೆ ತೂತೇ ಹೊಂದುವುದಿಲ್ಲ. ಒಳ್ಳೆಯದೇ. ಯಾವ ಮಗುವಿನ ಕೈಯಲ್ಲೂ ಹೊಗೆ ಏಳಬಾರದು. ಕಾಕಾ ಹೋಗಿ ಬಹಳ ವರ್ಷವಾಯಿತು. ಕಾಕು ಬಬಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಅಂಗಡಿಯಿದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಕೆಟ್ಟ ಸಣ್ಣ ಮೋಟಾರನ್ನು ಬಿಚ್ಚಿ ಸುತ್ತು ಎಣಿಸುವ ತಾಳ್ಮೆ ಯಾರಿಗೂ ಇಲ್ಲ, ನನಗೂ ಇಲ್ಲ.

ಆದರೆ ನಾನು ಕಳೆದುಕೊಂಡದ್ದು ಅದಲ್ಲ. ಆ ಚಳಿಗಾಲದ ನಂತರ ಕಾಕಾನಲ್ಲಿ ಒಂದು ರೂಢಿ ಬಂತು. ತಾನು ಹಿಂದೆ ನೋಡಿರದ ಯಾವ ಯಂತ್ರ ಅಂಗಡಿಗೆ ಬಂದರೂ, ತಂದವರು ಗೌಡರಿರಲಿ, ಕೂಲಿಯವರಿರಲಿ, ಮೂಗು ಸೋರುವ ಹುಡುಗಿಯಿರಲಿ, ಅದನ್ನು ಮುಟ್ಟುವ ಮೊದಲು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಕೇಳುತ್ತಿದ್ದ: “ಇದರ ಬಗ್ಗೆ ನಿನಗೇನು ಗೊತ್ತೈತಿ? ಮದ್ಲ ಅದನ್ನ ಹೇಳು.” ಹೇಳಿ ಮುಗಿಯುವತನಕ ಕೈ ಹಚ್ಚುತ್ತಿರಲಿಲ್ಲ.

ನನ್ನ ಎಷ್ಟೋ ಸಂಜೆಗಳು ಆ ಪ್ರಶ್ನೆಗೆ ಉತ್ತರ ಕೊಡುತ್ತಾ ಕಳೆದವು. ಈಗ ದವಾಖಾನೆಯಲ್ಲಿ, ಬ್ಯಾಂಕಿನಲ್ಲಿ, ಮೊಮ್ಮಗಳ ಸಾಲಿಯಲ್ಲಿ, ಕೈಯೊಳಗಿನ ಫೋನಿನಲ್ಲಿ ಎಲ್ಲರೂ ನನಗೆ ಒಳ್ಳೆಯದನ್ನೇ ಹೇಳುತ್ತಾರೆ, ಬೇಗಬೇಗ ಹೇಳುತ್ತಾರೆ. ನಾನು ತಲೆಯಾಡಿಸಿ ಮನೆಗೆ ಬರುತ್ತೇನೆ. ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ನನ್ನನ್ನು ಹಾಗೆ ಕೇಳಿದವರು ಕಾಕಾನ ನಂತರ ಯಾರೂ ಇಲ್ಲ.